ಲೂಯಿಸ್-ಕ್ಲಾರ್ಕ್ ಚಿನ್ನದ ಡಾಲರ್: ಅಂಚು ತೋರಿಸದಿದ್ದರೆ ದುಡ್ಡು ಕೊಡಬೇಡಿ

ಪೋರ್ಟ್‌ಲ್ಯಾಂಡ್ ಸುತ್ತಮುತ್ತ ಕಾಯಿನ್ ಶೋಗಳಿಗೆ ಹೋಗುವ ಕನ್ನಡದವರು ದಯವಿಟ್ಟು ಓದಿ. ನನಗೆ ಆದದ್ದು ಇನ್ನೊಬ್ಬರಿಗೆ ಆಗಬಾರದು. ಬರೆಯುವಾಗಲೂ ಹೊಟ್ಟೆ ಉರೀತಿದೆ.

ನನಗೆ ಬೇಕಾಗಿದ್ದು 1905ರ ಲೂಯಿಸ್-ಕ್ಲಾರ್ಕ್ ಚಿನ್ನದ ಡಾಲರ್. ಆ ವರ್ಷ ಇದೇ ಊರಲ್ಲಿ ನಡೆದ ದೊಡ್ಡ ವಸ್ತುಪ್ರದರ್ಶನದ ನಾಣ್ಯ. ಅಮೆರಿಕದ ಪಶ್ಚಿಮಕ್ಕೆ ದಾರಿ ಹುಡುಕಿಹೋದ ಇಬ್ಬರ ಮುಖ ಅದರಲ್ಲಿ: ಒಂದು ಕಡೆ ಲೂಯಿಸ್, ಇನ್ನೊಂದು ಕಡೆ ಕ್ಲಾರ್ಕ್. 35 ಸಾವಿರ ಚಿಲ್ಲರೆ ಅಚ್ಚು ಹಾಕಿ, ಮಾರಾಟವಾಗದ 25 ಸಾವಿರವನ್ನು ಕರಗಿಸಿಬಿಟ್ಟರು. ಒಳಗಿರುವ ಚಿನ್ನ ಒಂದೂವರೆ ಗ್ರಾಂ ಅಷ್ಟೇ. ನಾವು ಸುರಿಯುವ ದುಡ್ಡು ಚಿನ್ನಕ್ಕಲ್ಲ, ನಾಣ್ಯ ಹಾಳಾಗದೆ ಉಳಿದಿರುವುದಕ್ಕೆ.

ಆ ಕಾಲದಲ್ಲಿ ಇಂಥವನ್ನು ಬ್ರೂಚ್, ಟೈ ಪಿನ್‌ಗಳಿಗೆ ಕೂರಿಸುತ್ತಿದ್ದರು, ನಮ್ಮ ಕಾಸಿನ ಸರದ ಕಾಸಿಗೆ ಕುಣಿಕೆ ಬೆಸೆದ ಹಾಗೆ. ಇದೇ ಥರದ ಚಿನ್ನದ ನಾಣ್ಯಗಳಾದ 1903ರ ಲೂಯಿಸಿಯಾನ ಡಾಲರ್‌ಗಳನ್ನಂತೂ ಕೂರಿಸಿಯೇ ಮಾರಿದ್ದುಂಟು. ಕುಣಿಕೆ ಕಿತ್ತು, ಅರದಲ್ಲಿ ಉಜ್ಜಿದ ನಾಣ್ಯದ ಬೆಲೆ ಧಡ್ ಅಂತ ಇಳಿಯುತ್ತೆ. ನನಗೆ ಇದೆಲ್ಲ ಗೊತ್ತಿತ್ತು. ಅದಕ್ಕೇ ಶೋನಲ್ಲಿ ಟೇಬಲ್ ಹಾಕಿದ್ದ ವ್ಯಾಪಾರಿಯನ್ನು ಬಾಯಿಬಿಟ್ಟು ಕೇಳಿದೆ.

"ಒಡವೆಗೆ ಕೂರಿಸಿದ್ದಾ ಇದು?"

"ಇಲ್ಲವೇ ಇಲ್ಲ. ಒಂದೇ ಮನೆಯಲ್ಲಿ ಡಬ್ಬಿಯೊಳಗೇ ಇದ್ದದ್ದು."

"ಅಂಚು ನೋಡಬೇಕು, ಹೊರಗೆ ತೆಗೀತೀರಾ?"

"ಪಿನ್ ಕೀಳುವಾಗ ಗೀರು ಬಿದ್ದರೆ ಯಾರು ಹೊಣೆ? ನಾನು ಮಾರೋದೇ ಹೀಗೆ."

ಹೀಗೆ ಅಂದರೆ, ರಟ್ಟಿನ ಚೌಕದ ನಡುವೆ ಪ್ಲಾಸ್ಟಿಕ್ ಕಿಂಡಿ, ನಾಲ್ಕೂ ಕಡೆ ಸ್ಟೇಪ್ಲರ್ ಪಿನ್. ನಾಣ್ಯದ ಅಗಲ ಬರೀ 15 ಮಿಲಿಮೀಟರ್. ಎರಡು ಮುಖ ಕಾಣುತ್ತೆ, ಅಂಚು ಪೂರ್ತಿ ಮುಚ್ಚಿರುತ್ತೆ. ಕ್ಯಾಶ್ ಕೊಟ್ಟರೆ ನೂರು ಡಾಲರ್ ಕಡಿಮೆ ಅಂದ. ಕೊಟ್ಟೆ.

ಗ್ರೇಡಿಂಗ್‌ಗೆ, ಅಂದರೆ ನಾಣ್ಯ ಅಸಲಿಯೇ, ಎಷ್ಟು ಚೆನ್ನಾಗಿ ಉಳಿದಿದೆ ಅಂತ ನೋಡಿ ಅಂಕಿ ಕೊಡುವ ಕಂಪನಿಗೆ, ಕಳಿಸೋಣ ಅಂತ ಮನೆಯಲ್ಲಿ ಪಿನ್ ತೆಗೆದೆ. ತೂಗಿದರೆ ಚಿನ್ನ, ತಾಮ್ರ ಎಲ್ಲ ಸೇರಿ 1.67 ಗ್ರಾಂ, ಸರಿಯಾಗಿಯೇ ಇತ್ತು. ಆಮೇಲೆ ಲೆನ್ಸ್ ಹಿಡಿದು ಅಂಚು ತಿರುಗಿಸಿದೆ. ಸುತ್ತಲೂ ಸಣ್ಣ ಗೆರೆಗಳು ನೆಟ್ಟಗೆ ಇವೆ. ಲೂಯಿಸ್ ತಲೆಯ ಮೇಲ್ಭಾಗಕ್ಕೆ ಬಂದಾಗ ಗೆರೆಗಳೇ ಇಲ್ಲ! ನುಣ್ಣಗೆ ಉಜ್ಜಿದ ಜಾಗ, ಪಕ್ಕದಲ್ಲಿ ಬೆಸುಗೆಯ ಮಾಸಲು ಕಲೆ. ಕೈ ನಡುಗಿತು.

ಫೋನಿನಲ್ಲಿ ಫೋಟೋ ಕಳಿಸಿದೆ. ಅವನ ಉತ್ತರ: "ನೂರು ವರ್ಷದ ನಾಣ್ಯ, ಅಂಚು ಸವೆದಿರುತ್ತೆ. ಅನುಮಾನವಿದ್ದರೆ ಗ್ರೇಡಿಂಗ್‌ಗೆ ಕಳಿಸಿ ನೋಡಿ." ಕಳಿಸಿ ಅಂದದ್ದು ಅವನೇ. ಅವನೇ! ಕಳಿಸಿದೆ. ಸ್ಲ್ಯಾಬ್ ಬಂತು, ಅಂದರೆ ಅವರು ನಾಣ್ಯವನ್ನು ಸೀಲ್ ಮಾಡಿ ಕೊಡುವ ಗಟ್ಟಿ ಪ್ಲಾಸ್ಟಿಕ್ ಡಬ್ಬಿ. ಲೇಬಲ್ ಮೇಲೆ ಅಂಕಿಯ ಗ್ರೇಡ್ ಇಲ್ಲ, "ಡೀಟೇಲ್ಸ್, ಮೌಂಟ್ ರಿಮೂವ್ಡ್" ಅಂತಿದೆ. ಅಂದರೆ ನಾಣ್ಯ ಅಸಲಿ, ಆದರೆ ಒಡವೆಯ ಕುಣಿಕೆ ಕಿತ್ತದ್ದು. ಅದನ್ನೂ ಅವನಿಗೆ ಕಳಿಸಿದೆ.

"ಅಸಲಿ ಅಂತ ಅವರೂ ಒಪ್ಪಿದ್ದಾರಲ್ಲ, ಅಭಿನಂದನೆ."

ಅಭಿನಂದನೆಯಂತೆ! ವಾಪಸ್ ತಗೊಳ್ಳಿ ಅಂದರೆ, "ಪಿನ್ ತೆಗೆದಿದ್ದೀರಿ, ರಸೀದಿಯ ಹಿಂಭಾಗ ಓದಿ." ಹೋಲ್ಡರ್‌ನಿಂದ ತೆಗೆದದ್ದು ವಾಪಸ್ ಇಲ್ಲ ಅಂತ ಅಲ್ಲಿ ಸಣ್ಣ ಅಕ್ಷರದ ಸೀಲು. ಪಿನ್ ತೆಗೆಯದೆ ಗ್ರೇಡಿಂಗ್‌ಗೆ ಕಳಿಸೋದಾದರೂ ಹೇಗೆ? ಪಿನ್ ಹೊಡೆದ ಹೋಲ್ಡರ್ ಬಿಟ್ಟು ಫ್ಲಿಪ್ ಅನ್ನುವ ಪುಟ್ಟ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿಯೇ ಕಳಿಸಬೇಕು. ಇಷ್ಟು ವರ್ಷ ವ್ಯಾಪಾರ ಮಾಡಿದವನಿಗೆ ಇದು ಗೊತ್ತಿಲ್ವಾ? ಗೊತ್ತಿದ್ದೇ ಕಳಿಸು ಅಂದ. "ಒಡವೆಗೆ ಕೂರಿಸಿಲ್ಲ ಅಂತ ಬಾಯಲ್ಲಿ ಹೇಳಿದ್ದಿರಲ್ಲ" ಅಂತ ಬರೆದೆ. "ಬರೆದುಕೊಟ್ಟಿದ್ದೀನಾ?" ಅಂತ ಉತ್ತರ. ಅಲ್ಲಿಗೆ ಮುಗೀತು, ಆಮೇಲೆ ಬ್ಲಾಕ್ ಮಾಡಿದ.

ನಾಚಿಕೆ ಬೇರೆ. ಮೈಸೂರಿನಲ್ಲಿರುವ ಮಾವನವರಿಗೆ ವಿಡಿಯೋ ಕಾಲ್‌ನಲ್ಲಿ ತೋರಿಸಿದ್ದೆ. ಪ್ರತಿ ಸಲ "ಗ್ರೇಡ್ ಎಷ್ಟು ಬಂತಪ್ಪಾ?" ಅಂತಾರೆ. ಸುಮ್ನೆ ಮಾತು ಬದಲಾಯಿಸ್ತೀನಿ.

ಇಷ್ಟು ಮಾಡಿ. ಪಿಸಿಜಿಎಸ್ ಅಥವಾ ಎನ್‌ಜಿಸಿ ಅನ್ನುವ ಗ್ರೇಡಿಂಗ್ ಕಂಪನಿಗಳ ಸ್ಲ್ಯಾಬ್‌ನಲ್ಲಿ ಇರುವುದನ್ನೇ ಕೊಳ್ಳಿ. ನಕಲಿ ಸ್ಲ್ಯಾಬ್ ಕೂಡ ಬರುತ್ತವೆ, ಅದರ ನಂಬರ್ ಹಾಕಿ ಆ ಕಂಪನಿಯ ಸೈಟಲ್ಲೇ ನೋಡಿ. ಕ್ಯಾಶ್ ಬೇಡ, ಕಾರ್ಡ್ ಕೊಡಿ. ಬಾಯಿಮಾತು ಬೇಡ, ರಸೀದಿಯಲ್ಲೇ ಬರೆಸಿ. ಬರೆಯಲ್ಲ ಅಂದರೆ ಎದ್ದು ಬನ್ನಿ.

ಅವನು ಈಗಲೂ ಟೇಬಲ್ ಹಾಕ್ತಾನೆ. ಹೋದ ಶೋನಲ್ಲಿ ಆ 1903ರ ಲೂಯಿಸಿಯಾನ ಡಾಲರ್‌ಗಳಲ್ಲೇ ಒಂದಾದ ಮೆಕಿನ್ಲಿ ಡಾಲರ್ ಇಟ್ಟಿದ್ದ, ಅದೂ ರಟ್ಟಿನಲ್ಲೇ. ಶೋ ನಡೆಸುವವರಿಗೆ ನಾನು ಕೊಟ್ಟ ದೂರಿಗೆ ಇನ್ನೂ ಉತ್ತರ ಬಂದಿಲ್ಲ. ಇದೇ ರೀತಿ ಯಾರಿಗಾದರೂ ಆಗಿದ್ದರೆ ನನಗೆ ತಿಳಿಸಿ, ಒಟ್ಟಿಗೆ ಹೋಗಿ ಕೇಳೋಣ.