ಸ್ಯಾಸ್, ಲೆಸ್, ಸ್ಟೈಲಸ್: ಸ್ವಂತ ಗಣಿತ ಮತ್ತು ಬಣ್ಣದ ಫಂಕ್ಷನ್‌ಗಳನ್ನು ಬರೆದು ನೋಡಿದಾಗ

ಹಿನ್ನೆಲೆಯ ಬಣ್ಣವನ್ನು ಕೊಟ್ಟರೆ ಅದರ ಮೇಲಿನ ಅಕ್ಷರಕ್ಕೆ ಕಪ್ಪು ಒಪ್ಪುತ್ತದೆಯೋ ಬಿಳಿ ಒಪ್ಪುತ್ತದೆಯೋ ಎಂದು ತೀರ್ಮಾನಿಸುವ ಫಂಕ್ಷನ್ ಒಂದು, ಪರದೆಯ ಅಗಲಕ್ಕೆ ತಕ್ಕಂತೆ ಅಕ್ಷರದ ಗಾತ್ರವನ್ನು ಹಿಗ್ಗಿಸಿ ಕುಗ್ಗಿಸುವ ಫಂಕ್ಷನ್ ಇನ್ನೊಂದು. ಈ ಎರಡನ್ನೇ, ಬರೆದದ್ದನ್ನು ವೆಬ್‌ಪುಟದ ರೂಪ ನಿರ್ಧರಿಸುವ ಸಿಎಸ್‌ಎಸ್ ಆಗಿ ಕಂಪೈಲ್ ಮಾಡುವ, ಅಂದರೆ ಪರಿವರ್ತಿಸುವ, ಸ್ಯಾಸ್, ಲೆಸ್ ಮತ್ತು ಸ್ಟೈಲಸ್ ಎಂಬ ಮೂರು ಭಾಷೆಗಳಲ್ಲಿಯೂ ಬರೆದು, ಒಂದೇ ಬೆಲೆಗಳನ್ನು ಕೊಟ್ಟು ಪರೀಕ್ಷಿಸಿದೆ. ಬರೆಯುವುದು ಮೂರರಲ್ಲಿಯೂ ಕಷ್ಟವಲ್ಲ. ವ್ಯತ್ಯಾಸ ಕಾಣುವುದು ತಪ್ಪು ಬೆಲೆ ಒಳಗೆ ಹೋದಾಗ.

ಬಣ್ಣದ ಪರೀಕ್ಷೆಗೆ #777777 ಎಂಬ ಬೂದು ಬಣ್ಣವನ್ನು ಆರಿಸಿಕೊಂಡೆ, ಏಕೆಂದರೆ ಅದು ಸರಿಯಾಗಿ ಅಂಚಿನಲ್ಲಿ ನಿಂತಿದೆ. ಸಾಮಾನ್ಯ ಗಾತ್ರದ ಅಕ್ಷರಕ್ಕೆ ಎಲ್ಲರೂ ಬಳಸಬಲ್ಲ ವೆಬ್‌ಪುಟಗಳಿಗಾಗಿ ಇರುವ ಡಬ್ಲ್ಯುಸಿಎಜಿ ಮಾರ್ಗಸೂಚಿಯ ಎಎ ಮಟ್ಟ ಕೇಳುವ ಕನಿಷ್ಠ ಕಾಂಟ್ರಾಸ್ಟ್ ಅನುಪಾತ (ಅಕ್ಷರ ಮತ್ತು ಹಿನ್ನೆಲೆಯ ಪ್ರಕಾಶದ ಅಂತರದ ಅಳತೆ) 4.5. ಈ ಬೂದಿನ ಮೇಲೆ ಬಿಳಿಗೆ ಸಿಗುವುದು 4.48, ಕಪ್ಪಿಗೆ ಸಿಗುವುದು 4.69, ಆದ್ದರಿಂದ ಸರಿಯಾದ ಉತ್ತರ ಕಪ್ಪು. ವರ್ಣ, ಗಾಢತೆ, ಲೈಟ್‌ನೆಸ್‌ಗಳಿಂದ ಬಣ್ಣವನ್ನು ಹೇಳುವ ಎಚ್‌ಎಸ್‌ಎಲ್ ಕ್ರಮದಲ್ಲಿ ಲೈಟ್‌ನೆಸ್ ಶೇ. 50ಕ್ಕಿಂತ ಕಡಿಮೆಯಿದ್ದರೆ ಬಿಳಿ ಎನ್ನುವ, ಅನೇಕರು ಬಳಸುವ ಸುಲಭ ಸೂತ್ರ ಇಲ್ಲಿ ಸೋಲುತ್ತದೆ: ಈ ಬಣ್ಣದ ಲೈಟ್‌ನೆಸ್ ಸುಮಾರು ಶೇ. 46.7 ಆಗಿರುವುದರಿಂದ ಅದು ಬಿಳಿಯನ್ನೇ ಆರಿಸುತ್ತದೆ.

ಲೆಸ್‌ನಲ್ಲಿ ಕಾಂಟ್ರಾಸ್ಟ್ ಎಂಬ ಫಂಕ್ಷನ್ ಮೊದಲೇ ಇದೆ, ಆದರೆ ಅದು ಕೂಡ ಬಿಳಿಯನ್ನೇ ಕೊಟ್ಟಿತು. ಬಣ್ಣದ ಲೂಮಾವನ್ನು, ಅಂದರೆ ಕಣ್ಣಿಗೆ ತೋರುವ ಪ್ರಕಾಶವನ್ನು, ಅದು ಸರಿಯಾಗಿಯೇ ಲೆಕ್ಕ ಹಾಕುತ್ತದೆ; ಆದರೆ ನಾವು ಬೇರೆ ಹೇಳದಿದ್ದರೆ ಗಡಿಯನ್ನು ಶೇ. 43 ಎಂದು ಹಿಡಿಯುತ್ತದೆ. ಅಪ್ಪಟ ಕಪ್ಪು ಮತ್ತು ಅಪ್ಪಟ ಬಿಳಿ ಸಮಬಲವಾಗುವುದು ಲೂಮಾ 0.179ರ ಬಳಿ ಇದ್ದಾಗ, ಅಂದರೆ 1.05 ಮತ್ತು 0.05ರ ಗುಣಲಬ್ಧದ ವರ್ಗಮೂಲದಿಂದ 0.05 ಕಳೆದಾಗ ಬರುವ ಬೆಲೆಯಲ್ಲಿ. ನಾಲ್ಕನೆಯ ಆರ್ಗ್ಯುಮೆಂಟ್ ಆಗಿ ಶೇ. 17.9 ಕೊಟ್ಟೊಡನೆ ಉತ್ತರ ಸರಿಹೋಯಿತು. ಹೊಸ ಫಂಕ್ಷನ್ ಬರೆಯುವ ಅಗತ್ಯವೇ ಬೀಳಲಿಲ್ಲ. ಸ್ಟೈಲಸ್‌ನ ಅದೇ ಹೆಸರಿನ ಫಂಕ್ಷನ್ ಬಣ್ಣದ ಬದಲು ಅನುಪಾತವನ್ನೇ ಹಿಂದಿರುಗಿಸುತ್ತದೆ. ಇದು ಹೆಚ್ಚು ಉಪಯುಕ್ತವೆನಿಸಿತು. ಆದರೆ ಅದು ಒಂದೇ ದಶಮಾಂಶಕ್ಕೆ ಪೂರ್ಣಗೊಳಿಸುವುದರಿಂದ 4.48 ಎಂಬುದು 4.5 ಆಗಿ, ಅನುತ್ತೀರ್ಣವಾಗಬೇಕಾದ ಬಣ್ಣ ಉತ್ತೀರ್ಣವಾಗಿಬಿಡುತ್ತದೆ.

ಸ್ಯಾಸ್‌ನಲ್ಲಿ ಇಂಥ ಸಿದ್ಧ ಫಂಕ್ಷನ್ ಇಲ್ಲ, ನಾವೇ ಬರೆಯಬೇಕು. ಹಿಂದೆ ಇದಕ್ಕಾಗಿ ಕೆಂಪು, ಹಸಿರು, ನೀಲಿ ಮೂರನ್ನೂ ಬೇರ್ಪಡಿಸಿ, ಪ್ರತಿಯೊಂದನ್ನೂ 2.4ರ ಘಾತಕ್ಕೆ ಏರಿಸಿ, 0.2126, 0.7152, 0.0722 ಎಂಬ ತೂಕಗಳಿಂದ ಗುಣಿಸಿ ಕೂಡಿಸುತ್ತಿದ್ದೆ. 2024ರಲ್ಲಿ ಬಂದ 1.79 ಆವೃತ್ತಿಯ ಬಳಿಕ ಇದಾವುದೂ ಬೇಕಿಲ್ಲ: ಬಣ್ಣವನ್ನು ಎಕ್ಸ್‌ವೈಝಡ್ ಎಂಬ ಬಣ್ಣದ ಅಳತೆಯ ಕ್ರಮದಲ್ಲಿ (ಕಲರ್ ಸ್ಪೇಸ್) ಓದಿ ಅದರ ವೈ ಚಾನೆಲ್ ಕೇಳಿದರೆ ಸಿಗುವುದೇ ಸಾಪೇಕ್ಷ ಪ್ರಕಾಶ, ಅಂದರೆ ಕಾಂಟ್ರಾಸ್ಟ್ ಲೆಕ್ಕಕ್ಕೆ ಬೇಕಾದ ಸಂಖ್ಯೆ. ಹನ್ನೆರಡು ಸಾಲಿನ ನನ್ನ ಫಂಕ್ಷನ್ ಮೂರು ಸಾಲಿಗೆ ಇಳಿಯಿತು, ಓದುವವರಿಗೂ ಅದರ ಉದ್ದೇಶ ನೇರವಾಗಿ ಕಾಣುವಂತಾಯಿತು.

ಗಾತ್ರದ ಫಂಕ್ಷನ್‌ನಲ್ಲಿ ಏಕಮಾನಗಳೇ ಮುಖ್ಯ. 320 ಪಿಕ್ಸೆಲ್ ಅಗಲದಲ್ಲಿ 16 ಪಿಕ್ಸೆಲ್, 1280ರಲ್ಲಿ 24 ಪಿಕ್ಸೆಲ್ ಬೇಕೆಂದರೆ ಇಳಿಜಾರು 8 ಭಾಗಿಸು 960, ಅಂದರೆ ಪರದೆಯ ಅಗಲದ ಶೇ. 0.8333, ಅದಕ್ಕೆ ಕೂಡಿಸಬೇಕಾದ ಸ್ಥಿರ ಭಾಗ 13.3333 ಪಿಕ್ಸೆಲ್. ಪರದೆಯ ಅಗಲ ಕಂಪೈಲ್ ಆಗುವಾಗ ತಿಳಿದಿರುವುದಿಲ್ಲವಾದ್ದರಿಂದ ಫಂಕ್ಷನ್ ಈ ಎರಡು ಸಂಖ್ಯೆಗಳನ್ನು ಮಾತ್ರ ಲೆಕ್ಕಹಾಕಿ, ಉಳಿದುದನ್ನು, ಬೆಲೆಯನ್ನು ಕನಿಷ್ಠ ಮತ್ತು ಗರಿಷ್ಠಗಳ ನಡುವೆ ಹಿಡಿದಿಡುವ ಸಿಎಸ್‌ಎಸ್‌ನ ಕ್ಲ್ಯಾಂಪ್ ಮೂಲಕ ಬ್ರೌಸರ್‌ಗೆ ಬಿಡಬೇಕು. ಸ್ಯಾಸ್‌ನ ಮ್ಯಾತ್ ಮಾಡ್ಯೂಲ್‌ನಲ್ಲಿ ಪಿಕ್ಸೆಲನ್ನು ಪಿಕ್ಸೆಲ್‌ನಿಂದ ಭಾಗಿಸಿದಾಗ ಏಕಮಾನ ತಾನಾಗಿ ರದ್ದಾಗುತ್ತದೆ. ತಪ್ಪಿ ಒಂದೆಡೆ ರೆಮ್ (ಪುಟದ ಮೂಲ ಅಕ್ಷರದ ಗಾತ್ರವನ್ನು ಆಧರಿಸಿದ ಏಕಮಾನ) ಕೊಟ್ಟು ಅದರಿಂದ ಪಿಕ್ಸೆಲ್ ಕಳೆಯಹೋದರೆ ಕಂಪೈಲರ್ ಅಲ್ಲಿಯೇ ತಡೆಯುತ್ತದೆ. ಲೆಸ್ ಹಾಗೆ ತಡೆಯುವುದಿಲ್ಲ: 2 ಪಿಕ್ಸೆಲ್‌ಗೆ 3 ಎಮ್ (ಅಕ್ಷರದ ಗಾತ್ರವನ್ನು ಆಧರಿಸಿದ ಏಕಮಾನ) ಕೂಡಿಸಿದರೆ ಎಡಗಡೆಯ ಏಕಮಾನವನ್ನೇ ಹಿಡಿದು 5 ಪಿಕ್ಸೆಲ್ ಎನ್ನುತ್ತದೆ. ಲೆಸ್ ಬಳಸುವವರು ಕಟ್ಟುನಿಟ್ಟಾದ ಏಕಮಾನದ ಆಯ್ಕೆಯನ್ನು ಮೊದಲ ದಿನವೇ ಚಾಲೂ ಮಾಡಿಕೊಳ್ಳಬೇಕೆಂಬುದು ನನ್ನ ಒತ್ತಾಯ.

ಜಾವಾಸ್ಕ್ರಿಪ್ಟ್‌ನಲ್ಲಿ ಫಂಕ್ಷನ್ ಬರೆದು ಸೇರಿಸುವ ವಿಷಯದಲ್ಲಿ ಮಾತ್ರ ಲೆಸ್ ಮುಂದಿದೆ. ಪ್ಲಗಿನ್ ಎಂಬ ನಿರ್ದೇಶನದಿಂದ ಫೈಲನ್ನು ಸ್ಟೈಲ್‌ಶೀಟ್‌ನ ಒಳಗಿನಿಂದಲೇ ಕರೆಯಬಹುದು, ಆ ಫಂಕ್ಷನ್ ಕರೆದ ಬ್ಲಾಕ್‌ನ ಒಳಗಷ್ಟೇ ಇರುವಂತೆಯೂ ಮಾಡಬಹುದು. ಸ್ಟೈಲಸ್‌ನ ಯೂಸ್ ಕೂಡ ಸ್ಟೈಲ್‌ಶೀಟ್‌ನಿಂದಲೇ ಫೈಲನ್ನು ಕರೆಯುತ್ತದೆ. ಸ್ಯಾಸ್‌ನಲ್ಲಾದರೆ ಫಂಕ್ಷನ್‌ಗಳನ್ನು ಕಂಪೈಲ್ ಮಾಡುವ ಸ್ಕ್ರಿಪ್ಟ್‌ನ ಆಯ್ಕೆಗಳಲ್ಲಿ ನೋಂದಾಯಿಸಬೇಕು. ಕಮಾಂಡ್ ಲೈನ್‌ನಿಂದ ನೇರವಾಗಿ ಕಂಪೈಲ್ ಮಾಡುವವರಿಗೆ ಆ ದಾರಿಯಿಲ್ಲ. ಹಾಗೆ ಬರೆದ ಫಂಕ್ಷನ್ ಬರಿಯ ಸಂಖ್ಯೆಯನ್ನು ಹಿಂದಿರುಗಿಸಿದರೂ ಒಪ್ಪದು, ಸ್ಯಾಸ್‌ನದೇ ಸಂಖ್ಯೆಯ ವಸ್ತುವನ್ನು ಕಟ್ಟಿಕೊಡಬೇಕು. ಅಲ್ಲದೆ ಸ್ಯಾಸನ್ನು ಕಂಪೈಲ್ ಮಾಡುವ ಹಳೆಯ ಎಂಜಿನ್‌ಗಳಲ್ಲಿ ರೂಬಿ ಸ್ಯಾಸ್ 2019ರಲ್ಲಿ ನಿಂತು, 2020ರಲ್ಲಿ ಲಿಬ್‌ಸ್ಯಾಸ್ ಹಳತೆಂದು ಘೋಷಿತವಾದಾಗ ಆಯಾ ಎಂಜಿನ್‌ಗೆ ಅಂಟಿಕೊಂಡಿದ್ದ ಫಂಕ್ಷನ್‌ಗಳನ್ನು ಮತ್ತೆ ಬರೆಯಬೇಕಾಯಿತು. ಸ್ಯಾಸ್ ಭಾಷೆಯಲ್ಲಿಯೇ ಇದ್ದವು ಹೆಚ್ಚು ಬದಲಾವಣೆಯಿಲ್ಲದೆ ದಾಟಿಕೊಂಡವು.

ಬರೆಯುವ ಸುಖ ಸ್ಟೈಲಸ್‌ನಲ್ಲಿಯೇ ಹೆಚ್ಚು: ಕೊನೆಯ ಸಾಲಿನ ಬೆಲೆಯೇ ಉತ್ತರ, ರಿಟರ್ನ್ ಕೂಡ ಬೇಕಿಲ್ಲ. ಆದರೆ ಒಮ್ಮೆ ಫಂಕ್ಷನ್‌ನ ಹೆಸರಿನಲ್ಲಿ ಒಂದಕ್ಷರ ತಪ್ಪಿದ್ದೆ. ಸ್ಟೈಲಸ್ ಅದನ್ನು ಸಿಎಸ್‌ಎಸ್‌ನದೇ ಫಂಕ್ಷನ್ ಎಂದು ಭಾವಿಸಿ ಹಾಗೆಯೇ ಹೊರಗೆ ಬಿಟ್ಟಿತು, ಬ್ರೌಸರ್ ಆ ಸಾಲನ್ನು ಕೈಬಿಟ್ಟಿತು, ಒಂದು ಗುಂಡಿಯ ಅಕ್ಷರ ಹಿನ್ನೆಲೆಯಲ್ಲಿ ಕರಗಿಹೋದದ್ದು ಎರಡು ದಿನ ಯಾರ ಕಣ್ಣಿಗೂ ಬೀಳಲಿಲ್ಲ. ಲೆಸ್ ಕೂಡ ಹೀಗೆಯೇ ನಡೆದುಕೊಳ್ಳುತ್ತದೆ. ಸ್ಯಾಸ್‌ನಲ್ಲಿ ಮಾಡ್ಯೂಲ್‌ನ ಹೆಸರನ್ನು ಮುಂದಿಟ್ಟು ಕರೆದರೆ ಅದೇ ತಪ್ಪಿಗೆ ಕಂಪೈಲ್ ನಿಂತು, ಸಾಲಿನ ಸಂಖ್ಯೆಯೊಂದಿಗೆ ದೋಷ ಕಾಣಿಸುತ್ತದೆ. ಅಂದಿನಿಂದ ಬಣ್ಣ ಮತ್ತು ಅಳತೆಯ ಫಂಕ್ಷನ್‌ಗಳನ್ನೆಲ್ಲ ಸ್ಯಾಸ್ ಮಾಡ್ಯೂಲ್‌ಗಳಾಗಿಯೇ ಬರೆಯುತ್ತಿದ್ದೇನೆ. ಈಗಾಗಲೇ ಲೆಸ್‌ನಲ್ಲಿರುವ ಕೆಲಸವನ್ನು ಮಾತ್ರ ಗಡಿಯನ್ನು 17.9ಕ್ಕೆ ಬದಲಿಸಿ ಅಲ್ಲಿಯೇ ಉಳಿಸಿಕೊಂಡಿದ್ದೇನೆ.