ಕಾರವಾರದ ಒಂದು ಶಿಶುವಿಹಾರ: ಅಕ್ಕೋರು ಮಕ್ಕಳೊಡನೆ ಮಾತನಾಡುವ ಬಗೆ

ನನ್ನ ಮೊಮ್ಮಗಳು ಹೋಗುತ್ತಿರುವ ಕಾರವಾರದ ಶಿಶುವಿಹಾರವೊಂದರ ಬಗ್ಗೆ, ಮಗುವಿಗೆ ಶಾಲೆ ಹುಡುಕುತ್ತಿರುವ ತಂದೆತಾಯಿಗಳಿಗೆ ನೆರವಾಗಲೆಂದು ಇದನ್ನು ಬರೆಯುತ್ತಿದ್ದೇನೆ. ಕೆಲವು ಕೊರತೆಗಳನ್ನೂ ಹೇಳಬೇಕಾಗಿರುವುದರಿಂದ ಸಂಸ್ಥೆಯ ಹೆಸರನ್ನು ಬಿಟ್ಟಿದ್ದೇನೆ. ಕಟ್ಟಡ ಸಾಧಾರಣವಾದುದು: ಹೆಂಚಿನ ಮಾಡು, ಎರಡು ಕೋಣೆ, ಮರಳು ಹಾಕಿದ ಅಂಗಳ. ಅಲ್ಲಿನ ನಿಜವಾದ ಬಂಡವಾಳವೆಂದರೆ ಅಕ್ಕೋರು ಮಕ್ಕಳೊಡನೆ ಮಾತನಾಡುವ ರೀತಿ.

ಒಂದು ಬೆಳಿಗ್ಗೆ ಮಕ್ಕಳು ಕಡಲ ದಂಡೆಯಿಂದ ತಂದ ಚಿಪ್ಪುಗಳನ್ನು ಗುಂಪು ಮಾಡುತ್ತಿದ್ದರು. ಒಬ್ಬ ಹುಡುಗಿ ದೊಡ್ಡ ಚಿಪ್ಪೊಂದನ್ನು ಸಣ್ಣವುಗಳ ಸಾಲಿನಲ್ಲಿಟ್ಟಳು. ಅಕ್ಕೋರು ಅದನ್ನು ಎತ್ತಿ ಸರಿಪಡಿಸಲಿಲ್ಲ; ಅವಳ ಪಕ್ಕದಲ್ಲಿ ನೆಲದ ಮೇಲೆ ಕುಳಿತು, "ಇದನ್ನು ಇಲ್ಲಿ ಯಾಕೆ ಇಟ್ಟೆ ಪುಟ್ಟಿ?" ಎಂದು ಕೇಳಿ ಸುಮ್ಮನಾದರು. ಸ್ವಲ್ಪ ಹೊತ್ತಿನ ಮೇಲೆ ಹುಡುಗಿ, "ಇವೆಲ್ಲ ಒಡೆದದ್ದು" ಎಂದಳು. ಅವಳು ನೋಡುತ್ತಿದ್ದುದು ಗಾತ್ರವನ್ನಲ್ಲ, ಅಂಚನ್ನು. "ಹೌದಲ್ಲ, ಹೇಗೆ ಒಡೆದಿರಬಹುದು?" ಎಂದು ಅಕ್ಕೋರು ಮುಂದುವರಿಸಿದ್ದೇ ತಡ, ತೆರೆ, ಬಂಡೆ, ದೋಣಿ ಎಂದು ಇನ್ನೂ ಮೂವರು ಮಾತಿಗೆ ಸೇರಿಕೊಂಡರು. ಆ ಮೌನಕ್ಕೆ ಬಹಳ ಬೆಲೆಯಿದೆ. ಶಿಕ್ಷಕರು ಪ್ರಶ್ನೆ ಕೇಳಿ ಸರಾಸರಿ ಒಂದು ಸೆಕೆಂಡಷ್ಟೇ ಕಾಯುತ್ತಾರೆಂದೂ, 3 ಸೆಕೆಂಡಿಗಿಂತ ಹೆಚ್ಚು ಕಾದರೆ ಮಕ್ಕಳ ಉತ್ತರಗಳು ಉದ್ದವಾಗುತ್ತವೆಂದೂ ಅಮೆರಿಕದ ಮೇರಿ ಬಡ್ ರೋವ್ 1970ರ ದಶಕದಲ್ಲಿ ತರಗತಿಗಳನ್ನು ಗಮನಿಸಿ ತೋರಿಸಿದ್ದರು.

ಮಳೆಗಾಲದಲ್ಲಿ ರೇನ್‌ಕೋಟಿನ ಗುಂಡಿ ಹಾಕಿಕೊಳ್ಳುವುದೇ ಅಲ್ಲಿ ಒಂದು ಪಾಠ. ಮೊದಲು ಅಕ್ಕೋರು ಬಟ್ಟೆಯ ಅಂಚನ್ನು ಹಿಡಿದುಕೊಳ್ಳುತ್ತಿದ್ದರು, ಆಮೇಲೆ ಬಾಯಿಮಾತಿನಲ್ಲಿ ದಾರಿ ಹೇಳುತ್ತಿದ್ದರು, ಕೊನೆಗೆ ಬರೀ ನೋಡುತ್ತ ನಿಲ್ಲುತ್ತಿದ್ದರು. ಮಗು ಒಂಟಿಯಾಗಿ ಮಾಡಲಾಗದ, ಆದರೆ ತಿಳಿದವರೊಬ್ಬರ ಆಸರೆಯಲ್ಲಿ ಮಾಡಬಲ್ಲ ಕೆಲಸಗಳಲ್ಲೇ ಕಲಿಕೆ ನಡೆಯುತ್ತದೆ ಎಂದು ರಷ್ಯಾದ ಮನೋವಿಜ್ಞಾನಿ ಲೆವ್ ವೈಗಾಟ್‌ಸ್ಕಿ (1896–1934) ವಾದಿಸಿದ್ದರು. ಆಸರೆ ಕೊಡುವುದರಷ್ಟೇ ಅದನ್ನು ಹೊತ್ತರಿತು ಹಿಂತೆಗೆದುಕೊಳ್ಳುವುದೂ ಮುಖ್ಯ; ಮನೆಯಲ್ಲಿ ಅವಸರದಿಂದ ನಾವೇ ಗುಂಡಿ ಹಾಕಿಬಿಡುವವರಿಗೆ ಇದು ಸುಲಭವಲ್ಲ.

ಇಲ್ಲಿ ಅನೇಕ ಮಕ್ಕಳ ಮನೆಮಾತು ಕೊಂಕಣಿ. ಮಗು ಕೊಂಕಣಿಯಲ್ಲಿ ಹೇಳಿದ್ದನ್ನು ಅಕ್ಕೋರು ಮೆಚ್ಚಿ ಕೇಳಿ, ಅದೇ ಸಂಗತಿಯನ್ನು ಕನ್ನಡದಲ್ಲಿ ಇನ್ನಷ್ಟು ಬೆಳೆಸಿ ಹೇಳುತ್ತಾರೆ. "ಕನ್ನಡದಲ್ಲಿ ಹೇಳು" ಎಂದು ಗದರಿದ್ದನ್ನು ನಾನು ಕೇಳಿಲ್ಲ. ಮೊದಲು ಬಾಯಿಯನ್ನೇ ಬಿಡದಿದ್ದ ಮಕ್ಕಳು ಈಗ ಎರಡೂ ಭಾಷೆಯಲ್ಲಿ ಜಗಳವಾಡುತ್ತಾರೆ, ಅದು ನನಗೆ ತುಂಬ ಸಂತೋಷದ ವಿಷಯ.

ಊಟದ ನಂತರದ ಅವಧಿ ಮಾತ್ರ ಈ ಮಟ್ಟದಲ್ಲಿಲ್ಲ. ಒಬ್ಬ ಅಕ್ಕೋರು ದಾಖಲೆ ಬರೆಯಲು ಕುಳಿತಾಗ ಉಳಿದ ಒಬ್ಬೊಬ್ಬರ ಪಾಲಿಗೆ 30ರಷ್ಟು ಮಕ್ಕಳು ಬೀಳುತ್ತಾರೆ. 3ರಿಂದ 6 ವರ್ಷದವರಿಗೆ 20 ಮಕ್ಕಳಿಗೊಬ್ಬರು ಎಂಬುದು ನಮ್ಮ ದೇಶದಲ್ಲಿ ಹಾಕಿಕೊಟ್ಟಿರುವ ಮಾನದಂಡ. ಅಷ್ಟು ಮಕ್ಕಳ ನಡುವೆ ಒಬ್ಬೊಬ್ಬರೊಡನೆ ಮಾತನಾಡಲು ಸಾಧ್ಯವಾಗದೆ ಎಲ್ಲರೂ ಒಟ್ಟಾಗಿ ಅಂಕಿ ಕೂಗುವುದೇ ನಡೆಯುತ್ತದೆ. ಪಾಲಕರಿಗೆ ಕೊಡುವ ವರದಿಯಲ್ಲಿಯೂ ಅಕ್ಷರ ಮತ್ತು ಅಂಕಿಗಳ ಲೆಕ್ಕವಷ್ಟೇ ಇರುತ್ತದೆ. ಬೆಳಗಿನ ಆ ಚಂದದ ಮಾತುಕತೆಗೆ ಅದರಲ್ಲಿ ಒಂದು ಸಾಲೂ ಇಲ್ಲದಿರುವುದು ನನಗೆ ನೋವು ತರುತ್ತದೆ. ಆಡಳಿತದವರು ಇನ್ನೊಬ್ಬ ಸಹಾಯಕಿಯನ್ನು ನೇಮಿಸಲೇಬೇಕು.

ನಾಲ್ಕನೆಯ ವರ್ಷಕ್ಕೇ ಮಗು ಸಾಲುಗಟ್ಟಿ ಬರೆಯಬೇಕೆನ್ನುವವರಿಗೆ ಈ ಶಿಶುವಿಹಾರ ಒಗ್ಗುವುದಿಲ್ಲ. ಉಳಿದವರು ಸೇರಿಸುವ ಮುನ್ನ ಅನುಮತಿ ಪಡೆದು ಒಂದು ಬೆಳಿಗ್ಗೆ, ಒಂದು ಮಧ್ಯಾಹ್ನ ಹೋಗಿ ಕುಳಿತು ನೋಡಲಿ. ಬೇರೆ ಶಾಲೆಗಳನ್ನು ನೋಡುವಾಗಲೂ ಆಟಿಕೆಗಳನ್ನು ಎಣಿಸುವ ಬದಲು, ಮಗುವಿನ ಮಾತು ಮುಗಿಯುವವರೆಗೆ ದೊಡ್ಡವರು ಕಾಯುತ್ತಾರೆಯೇ ಎಂಬುದನ್ನು ಗಮನಿಸಬೇಕೆಂದು ಕೇಳಿಕೊಳ್ಳುತ್ತೇನೆ.