ಕಲಿಕಾರ್ಥಿಗಳ ಕಸೂತಿಯನ್ನು ಆನ್‌ಲೈನ್ ಪ್ರದರ್ಶನಕ್ಕೆ ಕಳಿಸುವ ಮುನ್ನ ಷರತ್ತುಗಳನ್ನು ಓದಿ

ಧಾರವಾಡದ ನಮ್ಮ ಸಂಜೆ ತರಗತಿಗೆ ಕಸೂತಿ ಕಲಿಯಲು ಬರುವವರು ಮನೆಗೆಲಸ, ಅಂಗಡಿ ಕೆಲಸ ಮುಗಿಸಿಕೊಂಡು ಬರುವ ಹೆಣ್ಣುಮಕ್ಕಳು. ಹೆಚ್ಚಿನವರು ನಲವತ್ತು ದಾಟಿದವರು. ಇವರ ಕೆಲಸವನ್ನು ಉಚಿತವಾಗಿ ಪ್ರದರ್ಶಿಸುತ್ತೇವೆಂದು ಮುಂದೆ ಬಂದ ಆನ್‌ಲೈನ್ ಪ್ರದರ್ಶನವೊಂದರ ಸಂಘಟಕರು, ಕೆಲವೇ ತಿಂಗಳಲ್ಲಿ ಅದೇ ಚಿತ್ರಗಳನ್ನು ಬಟ್ಟೆಯ ಮೇಲೆ ಅಚ್ಚು ಹಾಕಿ ಮಾರುವವರಿಗೆ ಒಪ್ಪಿಸಿದರು. ವಯಸ್ಕ ಕಲಿಕಾರ್ಥಿಗಳ ಚಿತ್ರಕಲೆ, ಕಸೂತಿ, ಮಣ್ಣಿನ ಕೆಲಸವನ್ನು ಆನ್‌ಲೈನ್‌ನಲ್ಲಿ ತೋರಿಸಬೇಕೆಂದಿರುವ ಶಿಕ್ಷಕರೂ ಸ್ವಸಹಾಯ ಸಂಘದವರೂ ಇದನ್ನು ಪೂರ್ತಿ ಓದಬೇಕೆಂದು ಕೋರುತ್ತೇನೆ.

ಕಸೂತಿಯಲ್ಲಿ ಬಟ್ಟೆಯ ಮೇಲೆ ಮೊದಲು ಗೆರೆ ಬರೆದುಕೊಳ್ಳುವ ಪದ್ಧತಿಯಿಲ್ಲ. ಎಳೆ ಎಣಿಸಿಯೇ ಸೂಜಿ ಹಾಕಬೇಕು, ಗಂಟು ಹಾಕುವಂತಿಲ್ಲ, ಗವಂತಿ ಮತ್ತು ಮುರಗಿ ಹೊಲಿಗೆಗಳಲ್ಲಿ ಬಟ್ಟೆಯ ಎರಡೂ ಬದಿ ಒಂದೇ ರೀತಿ ಕಾಣಬೇಕು. ಚಾಳೀಸು ಹಾಕಿಕೊಂಡು, ಟ್ಯೂಬ್‌ಲೈಟಿನ ಬೆಳಕಿನಲ್ಲಿ ಕರಿ ಬಟ್ಟೆಯ ಎಳೆ ಎಣಿಸುವುದು ಎಷ್ಟು ಕಷ್ಟವೆಂಬುದನ್ನು ಮಾಡಿದವರೇ ಬಲ್ಲರು.

ಸಂಘಟಕರು ಕೇಳಿದ್ದು ಪ್ರತಿ ಕೆಲಸದ ದೊಡ್ಡ ಅಳತೆಯ ಚಿತ್ರ. ವಾಟ್ಸಾಪ್‌ನಲ್ಲಿ ಫೋಟೋ ಆಗಿ ಕಳಿಸಿದರೆ ಸ್ಪಷ್ಟತೆ ಕಡಿಮೆಯಾಗುತ್ತದೆ, ಡಾಕ್ಯುಮೆಂಟ್ ಆಗಿಯೇ ಕಳಿಸಿ ಎಂದು ಒತ್ತಾಯಿಸಿದರು. ಪರದೆಯ ಮೇಲೆ ತೋರಿಸುವುದಕ್ಕೆ ಅಷ್ಟು ದೊಡ್ಡ ಚಿತ್ರ ಬೇಕಾಗುವುದಿಲ್ಲ. ಅಚ್ಚು ಹಾಕುವುದಕ್ಕೆ ಬೇಕಾಗುತ್ತದೆ. ಮೇಲಾಗಿ, ಡಾಕ್ಯುಮೆಂಟ್ ಆಗಿ ಹೋದ ಚಿತ್ರದೊಳಗೆ ಅದನ್ನು ತೆಗೆದ ಸ್ಥಳದ ವಿವರವೂ ಹಾಗೆಯೇ ಉಳಿದಿರಬಹುದು, ಎಂದರೆ ಹೆಣ್ಣುಮಕ್ಕಳ ಮನೆಯ ಗುರುತೂ ಅದರ ಜೊತೆಗೆ ಹೋಗಬಹುದು. ನೋಂದಣಿಯ ಪುಟದಲ್ಲಿ ಷರತ್ತುಗಳೆಲ್ಲ ಇಂಗ್ಲಿಷಿನಲ್ಲಿದ್ದವು, ಒಪ್ಪಿಗೆಯ ಗುರುತು ಹಾಕದೆ ಮುಂದೆ ಹೋಗುವಂತಿರಲಿಲ್ಲ. ಕನ್ನಡದ ಪ್ರತಿ ಕೊಡಿ ಎಂದು ನಾನು ಕೇಳಿದಾಗ ‘ಅದು ಬರೀ ಫಾರ್ಮಾಲಿಟಿ ಮೇಡಂ’ ಎಂಬ ಉತ್ತರ ಬಂತು.

ಮುಂದೊಂದು ದಿನ ಕಲಿಕಾರ್ಥಿಯೊಬ್ಬರ ಮಗಳು ಮಾರಾಟ ತಾಣವೊಂದರಲ್ಲಿ ‘ಕಸೂತಿ ದುಪಟ್ಟಾ’ ಎಂಬ ಹೆಸರಿನ, ಅಚ್ಚು ಹಾಕಿದ ಅಗ್ಗದ ಬಟ್ಟೆಯನ್ನು ನೋಡಿ ತಾಯಿಗೆ ತೋರಿಸಿದಳು. ಅದರ ಮೇಲಿದ್ದದ್ದು ಗೋಪುರದ ನಮೂನೆ. ಗೋಪುರದ ಎಡಬದಿಯ ಮೂರನೆಯ ಮೆಟ್ಟಿಲಿನಲ್ಲಿ ಒಂದು ಹೊಲಿಗೆ ಒಂದೆಳೆ ಕೆಳಗಿಳಿದಿತ್ತು. ಆ ತಾಯಿ ಹೊಲಿದ ಬಟ್ಟೆಯಲ್ಲಿಯೂ ಅದೇ ಜಾಗದಲ್ಲಿ ಅದೇ ಹೊಲಿಗೆ ಇಳಿದಿದೆ. ‘ಟೀಚರ್, ಇಲ್ಲಿ ಎಳಿ ತಪ್ಪಿದ್ದು ನಂದ ಐತ್ರಿ’ ಎಂದು ಅವರು ಬೆರಳಿಟ್ಟು ತೋರಿಸಿದರು. ದುಪಟ್ಟಾದ ಉದ್ದಕ್ಕೂ, ಪ್ರತಿ ಗೋಪುರದಲ್ಲೂ ಆ ಒಂದೆಳೆ ಹಾಗೆಯೇ ಇಳಿದಿತ್ತು.

ಸಂಘಟಕರನ್ನು ಕೇಳಿದಾಗ ಅವರು ತೋರಿಸಿದ್ದು ಷರತ್ತಿನ ಒಂದು ವಾಕ್ಯವನ್ನು: ಚಿತ್ರಗಳನ್ನು ಜಗತ್ತಿನ ಎಲ್ಲೆಡೆ, ಎಂದೆಂದಿಗೂ, ಬದಲಿಸಿ ಬಳಸುವ ಮತ್ತು ಇತರರಿಗೆ ಬಳಸಲು ಕೊಡುವ ಹಕ್ಕು ತಮಗಿದೆ ಎಂಬುದು ಅದರ ಅರ್ಥ. ಈ ವಾಕ್ಯವನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. 1957ರ ಕಾಪಿರೈಟ್ ಕಾಯ್ದೆಯ 15ನೇ ಕಲಮಿನ ಪ್ರಕಾರ, ನೋಂದಣಿ ಮಾಡಿಸಬಹುದಾಗಿದ್ದೂ ಮಾಡಿಸದ ವಿನ್ಯಾಸವೊಂದನ್ನು ಅದರ ಒಡೆಯರಾಗಲಿ, ಅವರ ಅನುಮತಿ ಪಡೆದವರಾಗಲಿ, ಕೈಗಾರಿಕಾ ವಿಧಾನದಿಂದ 50ಕ್ಕಿಂತ ಹೆಚ್ಚು ವಸ್ತುಗಳ ಮೇಲೆ ಮೂಡಿಸಿದರೆ ಆ ವಿನ್ಯಾಸದ ಕಾಪಿರೈಟ್ ಕೊನೆಗೊಳ್ಳುತ್ತದೆ. ಹೊಲಿದವರು ಒಂದು ಗುರುತು ಹಾಕಿ ಅನುಮತಿ ಕೊಟ್ಟರೆ, ಆ ಚಿತ್ರವನ್ನು ಅಚ್ಚು ಹಾಕಲು ಪಡೆದವರು ಒಂದೇ ದಿನದಲ್ಲಿ ಆ ಸಂಖ್ಯೆಯನ್ನು ದಾಟಬಲ್ಲರು. ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಾಡುತ್ತಿರುವುದು ಇದೇ.

ಗೋಪುರ, ತೇರು, ತುಳಸಿಕಟ್ಟೆಯಂಥ ಸಾಂಪ್ರದಾಯಿಕ ನಮೂನೆಗಳು ಯಾರೊಬ್ಬರ ಸ್ವತ್ತೂ ಅಲ್ಲ, ನಿಜ. ಆದರೆ ಫೋಟೋ ತೆಗೆದವರಿಗೆ ಆ ಫೋಟೋದ ಮೇಲೆ ಪ್ರತ್ಯೇಕ ಹಕ್ಕಿರುತ್ತದೆ. ಆ ತಾಯಿಯೇ ತೆಗೆದಿದ್ದ ಮೂಲ ಚಿತ್ರ ದಿನಾಂಕ ಸಹಿತ ಅವರ ಫೋನಿನಲ್ಲಿತ್ತು. ಅದನ್ನೂ ಇಳಿದ ಹೊಲಿಗೆಯನ್ನೂ ಅಕ್ಕಪಕ್ಕ ಇಟ್ಟು, ಜಿಐ (ಭೌಗೋಳಿಕ ಗುರುತು) ಮಾನ್ಯತೆಯಿರುವ ಕಸೂತಿಯ ಹೆಸರನ್ನು ಅಚ್ಚಿನ ಬಟ್ಟೆಗೆ ಇಟ್ಟಿದ್ದಾರೆಂದೂ ಸೇರಿಸಿ, ಮಾರಾಟ ತಾಣದ ಕುಂದುಕೊರತೆ ಅಧಿಕಾರಿಗೆ ದೂರು ಬರೆದೆವು. ದುಪಟ್ಟಾ ಆ ತಾಣದಿಂದ ಹೋಯಿತು, ಕೆಲವು ವಾರಗಳಲ್ಲಿ ಬೇರೊಬ್ಬ ಮಾರಾಟಗಾರರ ಹೆಸರಿನಲ್ಲಿ ಮರಳಿ ಬಂತು. ಎರಡನೆಯ ದೂರಿಗೆ ಇನ್ನೂ ಉತ್ತರವಿಲ್ಲ.

ಪ್ರದರ್ಶನ ಬೇಡವೆಂದು ನಾನು ಹೇಳುತ್ತಿಲ್ಲ. ಇವರ ಕೆಲಸವನ್ನು ಹತ್ತು ಜನ ನೋಡಲೇಬೇಕು. ಆದರೆ ಸಣ್ಣ ಅಳತೆಯ, ಮೂಲೆಯಲ್ಲಿ ಹೊಲಿದವರ ಹೆಸರಿರುವ ಚಿತ್ರವನ್ನಷ್ಟೇ ಕೊಡಿ, ಮೂಲ ಚಿತ್ರವನ್ನು ಅಳಿಸದೆ ಇಟ್ಟುಕೊಳ್ಳಿ, ಕಲಿಕಾರ್ಥಿಗಳ ಫೋನ್ ನಂಬರ್ ಎಲ್ಲಿಯೂ ಹಾಕಬೇಡಿ. ಬಳಕೆ ಪ್ರದರ್ಶನಕ್ಕೆ ಮಾತ್ರ, ಇಂತಿಷ್ಟು ಅವಧಿಗೆ ಮಾತ್ರ ಎಂದು ಕನ್ನಡದಲ್ಲಿ ಬರೆಸಿಕೊಳ್ಳಿ. ನಮಗೆ ಬಂದಿದ್ದ ಆಹ್ವಾನದ ಒಕ್ಕಣೆಯೇ ಈಗ ಬೇರೆ ಹೆಸರಿನಲ್ಲಿ ಚಿತ್ರಕಲೆ ಕಲಿಯುವ ಹಿರಿಯರ ಗುಂಪುಗಳಿಗೂ ಬರುತ್ತಿರುವುದನ್ನು ನೋಡಿದ್ದೇನೆ. ಚಿತ್ರವನ್ನು ಡಾಕ್ಯುಮೆಂಟ್ ಆಗಿಯೇ ಕಳಿಸಿ ಎಂಬ ಸಾಲು ಅದರಲ್ಲಿಯೂ ಇದೆ.